ಹದಿನೇಳನೇ ಮುಚ್ಚಳ

ಐದಕ್ಕಿಂತ ಮೊದಲ ಹೋಗಬೇಕು.
ಹಳೇ ಹುಬ್ಬಳ್ಳಿ ಎದ್ದು ತಂಬಗಿ ಹಿಡಿಯೂ ಹೊತ್ತಿಗೆ
ನಾವು ಮುಚ್ಚಳದ ಹತ್ರ ಇರಬೇಕು.

ಯಮನೂರಪ್ಪ ಹಾರಿ ಹಾಕಿ ಮೀಟ್ತಾನ.
ಕಬ್ಬಿಣ ಕಲ್ಲಿಗೆ ತಿಕ್ಕಿದ ಸಪ್ಪಳಕ್ಕ
ಓಣಿ ನಾಯಿ ಒಂದ ಸಲ ಬೊಗಳಿ ಸುಮ್ಮನಾಕ್ಕೈತಿ,
ನಮ್ಮ ಗುರ್ತು ಅದಕ್ಕ.
"ಹಿಂದ ಸರೀರಿ ಅಕ್ಕಾರ, ಮೊದಲ ಅದರ ಉಸುರು ಹೋಗ್ಲಿ"
ಅಂತಾನ. ಹತ್ತು ಎಣಸ್ತಾನ.
ಅವನ ಅಣ್ಣ ಎಣಿಸಿರಲಿಲ್ಲ.
ಒಂದ ಸಲ ಹೇಳ್ಯಾನ. ಎರಡನೇ ಸಲ ನಾ ಕೇಳಿಲ್ಲ.

ಹಗ್ಗ ಬಿಡ್ತೀನಿ. ಅರ್ಧ ಲೀಟರಿನ ಬಾಟ್ಲಿ,
ಕೊರಳಿಗೆ ಕಟ್ಟಿದ ಕಬ್ಬಿಣದ ನಟ್ಟು.
ಕೆಳಗ ಕತ್ತಲದಾಗ ಅದು ಗುಟುಕು ಗುಟುಕು ಕುಡೀತೈತಿ:
ನಿನ್ನಿ ಸಾರು, ಅರಬಿ ತೊಳೆದ ನೀಲಿ,
ಕೂಸಿನ ದುಪಟಿ ಹಿಂಡಿದ ನೀರು,
ಯಾರೋ ನುಂಗದ ಬಚ್ಚಲಕ್ಕ ಉಗುಳಿದ ಗುಳಿಗಿ,
ಯಾರ್ಯಾರ ಹೊಟ್ಟಿಯ ಯಾವ್ಯಾವ ಗುಟ್ಟು.
ಮ್ಯಾಲ ಬಂದಾಗ ಎಲ್ಲಾ ಒಂದ ಬಣ್ಣ.

ಮನಿ ಮನಿ ಸರ್ವೆ ಮಾಡಿದಾಕಿ ನಾನು, ಎರಡು ವರ್ಷ.
"ಜ್ವರ ಐತೇನ್ರಿ?" ಅಂದ್ರ ಬಾಗಲಾ ಅರ್ಧ ತಗದು
"ಇಲ್ಲರೀ" ಅಂತಿದ್ರು.
ಒಳಗ ಯಾರೋ ನರಳೂದು ಕೇಳತಿತ್ತು.
ನಾಳೆ ಮಗಳನ್ನ ನೋಡಾಕ ಬರೋರು ಅದಾರ,
ಗಾಡಿ ಹಚ್ಚೂದು ಬ್ಯಾಡ ಅಂದ್ರ ಏನು ತಿನ್ನೂದು,
ಇವತ್ತ ನೆಟ್ಟಗಾಕ್ಕೈತಿ, ಬರಕೋಬ್ಯಾಡ್ರಿ.
ನಾನೂ ಬರಕೊಂತಿದ್ದೆ. ಇಲ್ಲ. ಇಲ್ಲ. ಇಲ್ಲ.

ಗಟಾರಕ್ಕ ಬಾಗಲಿಲ್ಲ.
ಇರೂದು ಬರೇ ಬಾಯಿ, ಹೊಳ್ಳಿಸಾಕ ನಾಲಿಗಿ ಇಲ್ಲ.

ಐಸಿನ ಡಬ್ಬಿ ಲ್ಯಾಬಿನ್ಯಾಗ ಇಳಿಸಿ ನಾಕನೇ ದಿನಕ್ಕ
ಒಂದು ಕಾಗದ ಬಂತು.
ಹದಿನಾರು ಮುಚ್ಚಳಕ್ಕ ಅಡ್ಡಗೀಟು.
ಹದಿನೇಳನೇದಕ್ಕ ಅಂಕಿ.
ವಿಷಮಶೀತ. ಇನ್ನೂ ಯಾವ ದವಾಖಾನಿ ಮೆಟ್ಟಲಾ ಹತ್ತದ ಜ್ವರ.

ಹದಿನೇಳನೇದು ನಮ್ಮ ಓಣಿದು.

ಸಂಜೀಕ ಕಟ್ಟಿ ಮ್ಯಾಲ ಕುಂತೆ. ಕಣ್ಣು ಕೆಟ್ಟಿತು ನೋಡ್ರಿ.
ಜೈತುನಬಿ ಯಾಕ ಇವತ್ತ ಬೀಡಿ ಸುತ್ತಾಕ ಹೊರಗ ಕುಂತಿಲ್ಲ?
ನಿಂಬೆವ್ವನ ಮೊಮ್ಮಗ ಚೆಂಡು ಬಿಟ್ಟು ಯಾಕ ಗೋಡಿಗೆ ಆನಿಕೊಂಡಾನ?
ಗಿರಮಿಟ್ ಗಾಡಿ ಶಿದ್ಲಿಂಗ ಐದೂ ಬಳ್ಳು ಬಿಟ್ಟು
ಚುಣಮುರಿ ಕಲಸ್ತಾನ, ಎಷ್ಟು ಚಂದ ಕಲಸ್ತಾನ!
ಒಬ್ಬೊಬ್ಬರ ಹಣಿ ಮ್ಯಾಲೂ ಮನಸಿನಾಗ ಗೀಟು ಎಳದೆ.
ಆಮ್ಯಾಲ ನೆನಪಾತು:
ಆ ಬಾಟ್ಲಿಯೊಳಗ ನಂದೂ ಒಂದು ತಂಬಗಿ ಇತ್ತು.

ಅವತ್ತ ನಳ ಬರೂ ದಿನ.
ಎಂಟು ದಿನಕ್ಕೊಮ್ಮೆ ಬರ್ತೈತಿ ನಮ್ಮಲ್ಲಿ ಕುಡಿಯೂ ನೀರು;
ಗಟಾರದ್ದು ಒಂದಿನಾನೂ ರಜಾ ತಗೊಂಡಿಲ್ಲ.
ಎರಡೂ ಪೈಪು ಒಂದ ತಗ್ಗಿನ್ಯಾಗ,
ಒಂದ ಹಾಸಗಿ ಅಕ್ಕತಂಗ್ಯಾರಂಗ ಮಲಗ್ಯಾವ.
ಯಾರ ಮಗ್ಗಲಾ ಯಾವಾಗ ಸೋರೈತೋ.

ಕೊಡಾ, ಬ್ಯಾರಲ್ಲು, ಬಣ್ಣದ ಡಬ್ಬಿ ಸಾಲು ಹಚ್ಚಿದ್ರು.
"ಕುದಿಸಿ ಕುಡೀರಿ" ಅಂದೆ.
"ಯಾರಿಗೆ ಬಂದೈತಿ?" ಅಂದ್ರು. ಎಲ್ಲಾರೂ ಅದನ್ನ ಕೇಳಿದ್ರು.
"ಓಣಿಗೆ ಬಂದೈತಿ."
"ಅಲ್ಲವಾ, ಯಾರ ಮನಿಗೆ?"
"ಓಣಿಗೆ."
ನಿಂಬೆವ್ವ ನನ್ನ ಮಾರಿ ಹೊತ್ತಿನ ತನಕ ನೋಡಿದ್ಲು.
ಏನೂ ಅನ್ನಲಿಲ್ಲ.
ಮದುವಿಗೆ ಬಾಡಿಗಿ ಕೊಡೂ ತನ್ನ ದೊಡ್ಡ ಹಂಡೆ
ಉಳ್ಳಿಸಿಗೋತ ಬಂದು ನಡು ಓಣ್ಯಾಗ ನಿಲ್ಲಿಸಿ,
"ಗ್ಯಾಸ್ ಯಾರ ಸುಡ್ತೀರಿ, ಕಟಗಿ ತರ್ರಿ" ಅಂದ್ಲು.

ಮುಂದಿನ ಸ್ವಾಮಾರ ಮತ್ತ ಕತ್ತಲಿ, ಮತ್ತ ಹಾರಿ.
"ಅಂಕಿ ಇಳದಿರಬೇಕೇನ್ರಿ ಅಕ್ಕಾರ?"
"ಬಾಟ್ಲಿ ಹೇಳಬೇಕಪ್ಪ."
ಎಣಸಾಕ ಹತ್ತಿದ. ಜೋಡಿ ನಾನೂ ಎಣಿಸಿದೆ.
ಏಳಕ್ಕ ಬರೂದ್ರಾಗ ಒಳಗೆಲ್ಲೋ, ದೂರದಾಗ,
ಯಾರೋ ಎದ್ದು ನೀರು ಸುರಿವಿದ ಸಪ್ಪಳ.